ಫುಲ್ ಟೈಟ್ ಮಂದಿಗೆ ಒಂದು ತಕ್ಕಡಿ

"ಟೈಟ್ ಇದ್ರ ಛಲೋ ಅಲ್ಲೇನೋ? ಸಡಿಲ ಬಿಟ್ರ ಮೀನ ಓಡಿ ಹೋಗತೈತಿ."

ಪ್ರತಿ ಮಳೆಗಾಲ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಉಳಿದ ತಿಂಗಳುಗಳಲ್ಲಿ ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ, ಅರಬೈಲ್ ಘಟ್ಟ ಇಳಿದು, ಅಂಕೋಲಾ, ಕಾರವಾರ, ಮುರ್ಡೇಶ್ವರ ಅಂತ ಗಾಳ ಹಿಡಿದು ಓಡುವ ಹುಬ್ಬಳ್ಳಿ-ಧಾರವಾಡದ ಮಂದಿಗೆ ಈ ಎರಡು ತಿಂಗಳಲ್ಲಿ ರೀಲಿನ ನೆನಪಾಗುತ್ತದೆ. ಉಪ್ಪು ಹಿಡಿದದ್ದನ್ನು ತಂದು "ಒಂದೀಟು ಸರ್ವಿಸ್ ಮಾಡಿ ಕೊಡಪಾ" ಅನ್ನುತ್ತಾರೆ. ಮಾಡಿಕೊಡುತ್ತೇನೆ, ನನಗೂ ಅದೊಂದು ಹುಚ್ಚು. ಆದರೆ ತಂದ ರೀಲುಗಳಲ್ಲಿ ಬಹುಪಾಲಿನ ಡ್ರ್ಯಾಗ್ ಮುರಿಯುವಷ್ಟು ಬಿಗಿದಿರುತ್ತದೆ. ಎಷ್ಟು ಕಿಲೋಗೆ ಸೆಟ್ ಮಾಡಿದ್ದೀಯಪ್ಪಾ ಅಂತ ಕೇಳಿದರೆ ಉತ್ತರ ಒಂದೇ: "ಫುಲ್ ಟೈಟ್."

ಫುಲ್ ಟೈಟ್ ಅನ್ನುವುದು ಅಳತೆ ಅಲ್ಲರೀ, ಬರೇ ಗತ್ತು. ನನ್ನ ತಕರಾರು ಈ ಗತ್ತಿನ ಜೊತೆ.

ಗಾಳ ಮುಟ್ಟದವರಿಗಾಗಿ ಎರಡು ಮಾತು. ದೊಡ್ಡ ಮೀನಿನ ರೀಲಿನಲ್ಲಿ ದಾರ ಸುತ್ತಿರುವ ಉರುಳೆಗೆ ಸ್ಪೂಲ್ ಅಂತಾರೆ. ಮೀನು ಎಳೆದಾಗ ಈ ಸ್ಪೂಲ್ ಗಟ್ಟಿಯಾಗಿ ನಿಂತುಬಿಟ್ಟರೆ ದಾರ ಹರಿಯುತ್ತದೆ, ಇಲ್ಲವೇ ಗಾಳ ನೆಟ್ಟಗಾಗುತ್ತದೆ, ಇಲ್ಲವೇ ಮೀನಿನ ಬಾಯಿ ಹರಿಯುತ್ತದೆ. ಹಾಗಾಗಬಾರದು ಅಂತ ಒಂದು ಮಿತಿ ದಾಟಿದ ಎಳೆತಕ್ಕೆ ಸ್ಪೂಲ್ ಜಾರಿ ದಾರ ಬಿಡುವ ಹಾಗೆ ಒಳಗೆ ವ್ಯವಸ್ಥೆ ಇರುತ್ತದೆ. ಅದೇ ಡ್ರ್ಯಾಗ್. ನಿಮ್ಮ ಬೈಕಿನ ಕ್ಲಚ್ ಪ್ಲೇಟ್ ಇದ್ದಂತೆಯೇ: ಒಂದು ಲೋಹದ ಬಿಲ್ಲೆ, ಒಂದು ಕಾರ್ಬನ್ ಫೈಬರ್ ಬಿಲ್ಲೆ, ಒಂದಕ್ಕೊಂದು ಒತ್ತಿಕೊಂಡು ಉಜ್ಜುತ್ತವೆ. ವ್ಯತ್ಯಾಸ ಒಂದೇ. ಬೈಕಿನಲ್ಲಿ ಕ್ಲಚ್ ಜಾರಿದರೆ ಕೆಟ್ಟಿದೆ ಅಂತ ಅರ್ಥ. ರೀಲಿನಲ್ಲಿ ಡ್ರ್ಯಾಗ್ ಇರುವುದೇ ಜಾರಲಿಕ್ಕೆ. ಫುಲ್ ಟೈಟ್ ಮಾಡುವವರು ಆ ಒಂದು ಭಾಗಕ್ಕೆ ಮೂವತ್ತು-ನಲವತ್ತು ಸಾವಿರ ಕೊಟ್ಟು, ಆಮೇಲೆ ಅದು ಕೆಲಸ ಮಾಡದ ಹಾಗೆ ಬಿಗಿದು ಇಡುತ್ತಾರೆ.

ಡ್ರ್ಯಾಗ್ ಬರುವ ಮುಂಚೆ ಏನಿತ್ತು ಗೊತ್ತೇನು? ಮೀನು ಓಡಿದರೆ ರೀಲಿನ ಹಿಡಿಕೆಯೂ ಹಿಂದಕ್ಕೆ ಗಿರಗಿರ ತಿರುಗಿ ಬೆರಳಿನ ಗೆಣ್ಣು ಒಡೆಯುತ್ತಿತ್ತು. ಸ್ಪೂಲಿನ ಮೇಲೆ ಚರ್ಮದ ಪಟ್ಟಿ ಇಟ್ಟು ಹೆಬ್ಬೆರಳಿನಿಂದ ಒತ್ತಿ ಬ್ರೇಕ್ ಹಾಕಬೇಕಿತ್ತು. ಅಮೆರಿಕದ ವಿಲಿಯಂ ಬೋಷೆನ್ ಎಂಬಾತ ಹಿಡಿಕೆಯ ಬುಡದಲ್ಲಿ ನಕ್ಷತ್ರದಂಥ ಚಕ್ರ ತಿರುಗಿಸಿ ಬಿಗಿ-ಸಡಿಲ ಮಾಡುವ ಡ್ರ್ಯಾಗ್ ಕಲ್ಪಿಸಿಕೊಂಡ, ಬ್ರೂಕ್ಲಿನ್ನಿನ ಜೂಲಿಯಸ್ ವೊಮ್ ಹೋಫ್ ಅದನ್ನು ಮಾಡಿಕೊಟ್ಟ. 1913ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಟಲಿನಾ ದ್ವೀಪದ ಹತ್ತಿರ ಬೋಷೆನ್ ಅಂಥ ರೀಲಿನಿಂದ ಕತ್ತಿಮೀನು ಹಿಡಿದ. ರಾಡು-ರೀಲಿನಲ್ಲಿ ಹಿಡಿದ ಮೊದಲ ಕತ್ತಿಮೀನು ಅಂತ ಅದಕ್ಕೆ ಹೆಸರು. ಇಷ್ಟೆಲ್ಲ ಆಗಿ ನೂರು ವರ್ಷ ದಾಟಿದ ಮೇಲೆ ನಮ್ಮ ವಿದ್ಯಾನಗರದ ಹುಡುಗ ಆ ಚಕ್ರವನ್ನು ಇಕ್ಕಳ ಹಾಕಿ ತಿರುವುತ್ತಾನೆ.

ಈಗ ಲೆಕ್ಕಕ್ಕೆ ಬರೋಣ. ದಾರದ ತಾಳಿಕೆ ಎಷ್ಟಿದೆಯೋ ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಡ್ರ್ಯಾಗ್ ಇಡಬೇಕು ಅನ್ನುವುದು ದೊಡ್ಡ ಮೀನಿನ ಗಾಳದಲ್ಲಿ ಹಳೆಯ ರೂಢಿ. 15 ಕಿಲೋ ದಾರಕ್ಕೆ ನಾಲ್ಕರಿಂದ ಐದು ಕಿಲೋ. 24 ಕಿಲೋ ದಾರಕ್ಕೆ ಆರರಿಂದ ಎಂಟು. ಇದನ್ನು ಕೇಳಿದ ಕೂಡಲೇ ನಮ್ಮವರು ನಗುತ್ತಾರೆ. "15 ಕಿಲೋ ಲೈನ್ ತಗೊಂಡು 5 ಕಿಲೋ ಯಾಕ? ಉಳಿದ 10 ಕಿಲೋ ಏನ್ ಉಪ್ಪಿನಕಾಯಿ ಹಾಕೂದೇನು?"

ಉಪ್ಪಿನಕಾಯಿ ಬೇಡ. ಆ 10 ಕಿಲೋ ಎಲ್ಲಿ ಹೋಗುತ್ತದೆ ಅಂತ ಹೇಳುತ್ತೇನೆ. ಗಂಟು ಹಾಕಿದಲ್ಲಿ ದಾರದ ಬಲ ಸ್ವಲ್ಪ ಕಡಿಮೆಯಾಗುತ್ತದೆ, ಗಂಟು ಕೆಟ್ಟದಿದ್ದರೆ ಬಹಳೇ ಕಡಿಮೆಯಾಗುತ್ತದೆ. ರಾಡ್ ಬಾಗಿದಾಗ ದಾರ ಒಂದೊಂದು ಬಳೆಗೂ ಉಜ್ಜಿಕೊಂಡು ಹೋಗುತ್ತದೆ, ಅಲ್ಲಿ ಎಳೆತ ಏರುತ್ತದೆ. ನಿಂತ ಸ್ಪೂಲ್ ಮೊದಲ ಸಲ ಜಾರಲು ಬೇಕಾಗುವ ಬಲ, ಜಾರುತ್ತಿರುವಾಗ ಬೇಕಾಗುವ ಬಲಕ್ಕಿಂತ ಜಾಸ್ತಿ. ಹೈಸ್ಕೂಲಿನಲ್ಲಿ ಓದಿದ ಘರ್ಷಣೆಯ ಪಾಠ ಅದು. ಮೀನು ಓಡಿ ನಿಂತು ಮತ್ತೆ ಓಡಿದ ಪ್ರತಿ ಸಲ ಆ ಮೊದಲ ಜಗ್ಗು ದಾರದ ಮೇಲೆ ಬೀಳುತ್ತದೆ. ನೂರು ಮೀಟರ್ ದಾರ ನೀರಿನಲ್ಲಿ ಬಿಲ್ಲಿನಂತೆ ಬಾಗಿ ಎಳೆಸಿಕೊಂಡರೆ ನೀರೇ ಒಂದು ಭಾರ.

ಇವೆಲ್ಲಕ್ಕಿಂತ ದೊಡ್ಡ ಕಳ್ಳ ಇನ್ನೊಬ್ಬನಿದ್ದಾನೆ. ಸ್ಪೂಲಿನ ಸುತ್ತಳತೆ.

ನಮ್ಮೂರಿನಲ್ಲಿ ಬಿವಿಬಿ ಓದಿದವರಿಗೆ ಕೊರತೆ ಇಲ್ಲ. ಎಲ್ಲರೂ ಟಾರ್ಕ್ ಬಗ್ಗೆ ಪರೀಕ್ಷೆ ಬರೆದವರೇ. ಆದರೂ ದೋಣಿ ಹತ್ತಿದ ಕೂಡಲೇ ಮರೆತುಬಿಡುತ್ತಾರೆ. ಡ್ರ್ಯಾಗ್ ಅಂದರೆ ಸ್ಪೂಲಿಗೆ ಹಾಕಿದ ತಿರುಚು-ತಡೆ, ಅದು ಬದಲಾಗುವುದಿಲ್ಲ. ಆದರೆ ದಾರದ ಮೇಲಿನ ಎಳೆತ ಅಂದರೆ ಆ ತಡೆಯನ್ನು ಸ್ಪೂಲಿನ ತ್ರಿಜ್ಯದಿಂದ ಭಾಗಿಸಿದ್ದು. ದಾರ ತುಂಬಿದ ಸ್ಪೂಲ್ 10 ಸೆಂಟಿಮೀಟರ್ ವ್ಯಾಸ ಇದೆ ಅನ್ನೋಣ, ಡ್ರ್ಯಾಗ್ 5 ಕಿಲೋ. ಮೀನು ಓಡಿ ಓಡಿ ದಾರ ಖಾಲಿಯಾಗಿ ವ್ಯಾಸ 7 ಸೆಂಟಿಮೀಟರಿಗೆ ಇಳಿಯಿತು. ನೀವು ಏನನ್ನೂ ಮುಟ್ಟಿಲ್ಲ, ಆದರೂ ಡ್ರ್ಯಾಗ್ 7 ಕಿಲೋ ದಾಟಿತು. 5 ಸೆಂಟಿಮೀಟರಿಗೆ ಇಳಿದರೆ 10 ಕಿಲೋ. ಶುರುವಿನಲ್ಲೇ 9 ಕಿಲೋ ಬಿಗಿದವನ ಲೆಕ್ಕ ಮಾಡಿ: 7 ಸೆಂಟಿಮೀಟರಿನಲ್ಲಿ ಹತ್ತಿರಹತ್ತಿರ 13, 5 ಸೆಂಟಿಮೀಟರಿನಲ್ಲಿ 18. ದಾರ 15 ಕಿಲೋದ್ದು. ಇಷ್ಟರ ಮೇಲೆ ಬಳೆ, ಗಂಟು, ನೀರು ಬೇರೆ. ದಾರ ಹರಿದ ಮೇಲೆ "ಕಂಪನಿ ಲೈನ್ ಡುಪ್ಲಿಕೇಟ್ ಐತ್ರಿ" ಅಂತ ರಿವ್ಯೂ ಬರೆಯುತ್ತಾನೆ.

ಹಾಗಾಗಿ ಮೀನು ದೂರ ಓಡಿದಷ್ಟೂ ಡ್ರ್ಯಾಗ್ ಸಡಿಲಿಸಬೇಕು. ದೋಣಿಯ ಮೇಲೆ ನಿಂತವನ ಕೈ ಮಾತ್ರ ಇದಕ್ಕೆ ಉಲ್ಟಾ ಮಾಡಲು ತುಡಿಯುತ್ತದೆ. ದಾರ ಖಾಲಿಯಾಗುತ್ತಿದೆ ಅಂತ ಗಾಬರಿ, ಪಕ್ಕದವನು "ಟೈಟ್ ಮಾಡಲೇ, ಟೈಟ್ ಮಾಡಲೇ" ಅಂತ ಕೂಗುತ್ತಾನೆ. ಇವನು ಬಿಗಿಯುತ್ತಾನೆ. ಫಟ್.

ಅಳೆಯುವ ವಿಷಯಕ್ಕೆ ಬಂದರೆ, ಕೈಯಿಂದ ಎಳೆದು ನೋಡಿ ಸೆಟ್ ಮಾಡುತ್ತೇನೆ ಅನ್ನುವವರೇ ಜಾಸ್ತಿ. ಬ್ರೇಡ್ ದಾರ ತೆಳು, ಬೆರಳಿಗೆ ಕತ್ತರಿಸಿದಂತೆ ಆಗುತ್ತದೆ. ಮೂರು-ನಾಲ್ಕು ಕಿಲೋ ದಾಟಿದ ಮೇಲೆ ಬರಿಗೈಗೆ ಎಲ್ಲವೂ ಒಂದೇ: "ಅಬ್ಬಾ, ಗಟ್ಟಿ ಐತಿ." 6 ಕಿಲೋಕ್ಕೂ ಅದೇ ಮಾತು, 16 ಕಿಲೋಕ್ಕೂ ಅದೇ ಮಾತು. ಅಲ್ಲಿ ಕೈ ಸುಳ್ಳು ಹೇಳುತ್ತಿಲ್ಲ, ಅದರ ಮಿತಿ ಮುಗಿದಿದೆ ಅಷ್ಟೇ. ಧಾರವಾಡದ ಲೈನ್ ಬಜಾರದಾಗ ಅರ್ಧ ಕಿಲೋ ಪೇಢೆ ತೂಗೂವಾಗ ತಕ್ಕಡಿ ಮ್ಯಾಲೆ ಕಣ್ಣಿಟ್ಟು ನಿಂದರತೀವಿ, ಹತ್ತು ಗ್ರಾಂ ಬಿಡೂದಿಲ್ಲ. ನಲವತ್ತು ಸಾವಿರದ ರೀಲಿಗೆ ಮಾತ್ರ ಅಂದಾಜು ಸಾಕಾಗತೈತಿ.

"ಹಂಗಾರ ಕಾರವಾರದ ಮೀನುಗಾರರು ತಕ್ಕಡಿ ಇಟ್ಕೊಂಡಾರೇನು?" ಇದು ನನಗೆ ಬರುವ ಅತ್ಯಂತ ಒಳ್ಳೆಯ ಪ್ರಶ್ನೆ, ಇದಕ್ಕೆ ಮರ್ಯಾದೆಯಿಂದ ಉತ್ತರಿಸಬೇಕು. ಇಲ್ಲ, ಇಟ್ಟುಕೊಂಡಿಲ್ಲ. ಸಣ್ಣ ದೋಣಿಯಲ್ಲಿ ಕೂತು ತಂಗೂಸು ದಾರವನ್ನು ಬರಿಗೈಯಲ್ಲಿ ಬಿಟ್ಟು ಇಸ್ವಾಣ (ನಮ್ಮ ಖಾನಾವಳಿ ಮೆನುವಿನ ಸುರಮಯಿ) ಹಿಡಿಯುವವನಿಗೆ ಬೆರಳೇ ಡ್ರ್ಯಾಗ್. ಮೀನು ಎಳೆದಾಗ ಬಿಡುತ್ತಾನೆ, ನಿಂತಾಗ ಎಳೆದುಕೊಳ್ಳುತ್ತಾನೆ, ಸೆಕೆಂಡಿಗೊಮ್ಮೆ ಸೆಟಿಂಗ್ ಬದಲಾಗುತ್ತದೆ. ಅಷ್ಟಕ್ಕೂ ಅವನ ಕೈಯ ದಾರ ದಪ್ಪ ನೈಲಾನು, ಹಿಗ್ಗುತ್ತದೆ. ನಿಮ್ಮ ಬ್ರೇಡ್ ಹಿಗ್ಗುವುದೇ ಇಲ್ಲ ಅನ್ನಬಹುದು, ಜಗ್ಗು ಬಿದ್ದರೆ ನೇರವಾಗಿ ಗಂಟಿಗೆ, ಗಾಳಕ್ಕೆ, ಮೀನಿನ ದವಡೆಗೆ. ಆತ ಇಪ್ಪತ್ತು ವರ್ಷ ದಿನಾ ಮಾಡಿದ ಕೆಲಸ ಅವನ ಬೆರಳಲ್ಲಿದೆ. ನಾವು ವಾರಕ್ಕೆ ಐದು ದಿನ ಕೀಬೋರ್ಡ್ ಕುಟ್ಟುವವರು. ಅವನ ಹೆಸರು ಹೇಳಿ ನಮ್ಮ ಸೋಮಾರಿತನ ಮುಚ್ಚಿಕೊಳ್ಳುವುದು ಅವನಿಗೆ ಮಾಡುವ ಅವಮಾನ.

ಇನ್ನು ಡಬ್ಬಿಯ ಮೇಲಿನ ನಂಬರ್. "ಮ್ಯಾಕ್ಸ್ ಡ್ರ್ಯಾಗ್ 25 ಕೆ.ಜಿ." ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ, ಅದನ್ನು ನೋಡಿಯೇ ಜನ ಕೊಳ್ಳುತ್ತಾರೆ. ಸ್ಪೀಡೋಮೀಟರಿನಲ್ಲಿ 220 ಬರೆದಿದೆ ಅಂತ ನೀವು ಧಾರವಾಡ ಬೈಪಾಸಿನಲ್ಲಿ 220 ಹೊಡೆಯುತ್ತೀರೇನು? 25 ಕಿಲೋ ಡ್ರ್ಯಾಗನ್ನು ನಿಂತು ತಡೆಯುವ ಮನುಷ್ಯ ಯಾರು ಅಂತಲೂ ಕೇಳಿಕೊಳ್ಳಬೇಕು. ರಾಡಿನ ಬುಡ ಸೊಂಟದ ಬೆಲ್ಟಿನಲ್ಲಿ, ಕೈ ಅಲ್ಲಿಂದ 60 ಸೆಂಟಿಮೀಟರ್ ಮುಂದೆ, ತುದಿ 1.8 ಮೀಟರ್ ದೂರ. ತುದಿಯಲ್ಲಿ 8 ಕಿಲೋ ಎಳೆದರೆ ನಿಮ್ಮ ಕೈ ಮೇಲೆ 24 ಕಿಲೋ. ರಾಡ್ ಬಾಗಿದಾಗ ಇದು ಕಡಿಮೆಯಾಗುತ್ತದೆ ನಿಜ, ಬಾಗುವುದು ಅದಕ್ಕೇ. ಆದರೂ ಒಂದು ಸಲ 25ಕ್ಕೆ ಲೆಕ್ಕ ಹಾಕಿ ನೋಡಿ. ಅಲೆಗೆ ಹೊಯ್ದಾಡುವ ದೋಣಿಯ ಅಂಚಿನಲ್ಲಿ, ಒದ್ದೆ ಹಲಗೆಯ ಮೇಲೆ ನಿಂತವನು ಅಷ್ಟು ಬಿಗಿದರೆ ಮೀನು ದೋಣಿಗೆ ಬರುವ ಮುಂಚೆ ಅವನು ಮೀನಿನ ಹತ್ತಿರ ಹೋಗಿರುತ್ತಾನೆ.

ಇಷ್ಟೂ ತಪ್ಪು ಬರೇ ಗಾಳ ಹಾಕುವವರದಲ್ಲ. ಸರ್ವಿಸ್ ಮಾಡುತ್ತೇವೆ ಅಂತ ಬೋರ್ಡ್ ಹಾಕಿಕೊಂಡವರದೂ ಇದೆ. ಬೇರೆ ಊರಿನ ಒಂದು ಅಂಗಡಿಗೆ ನನ್ನ ಲಿವರ್ ಡ್ರ್ಯಾಗ್ ರೀಲನ್ನು ಕಳಿಸಿದ್ದೆ. ಫಳಫಳ ಹೊಳೆಯುತ್ತಾ ವಾಪಸ್ ಬಂತು. ಹಿಡಿಕೆ ತಿರುಗಿಸಿದರೆ ಬೆಣ್ಣೆ. ತಕ್ಕಡಿಯ ಕೊಕ್ಕೆಗೆ ದಾರ ಕಟ್ಟಿ ಎಳೆದೆ: ಮುಳ್ಳು 7ಕ್ಕೆ ಏರಿ, ಧಡಕ್ಕನೆ 3ಕ್ಕೆ ಇಳಿದು, ಮತ್ತೆ 6ಕ್ಕೆ ಹಾರಿತು. ಒಳಗೆ ನೋಡಿದರೆ ಒಣಗಿಯೇ ಇರಬೇಕಾದ ಕಾರ್ಬನ್ ಬಿಲ್ಲೆಗೆ ಬೇರಿಂಗಿನ ಗ್ರೀಸ್ ಮೆತ್ತಿದ್ದಾರೆ. ತಟ್ಟೆಯಂತೆ ಬಾಗಿದ ಸ್ಪ್ರಿಂಗ್ ವಾಷರುಗಳು ಎದುರುಬದುರು ಕೂರಬೇಕು, ಎಲ್ಲವನ್ನೂ ಒಂದೇ ದಿಕ್ಕಿಗೆ ಪೇರಿಸಿದ್ದಾರೆ. ಫೋನ್ ಮಾಡಿದರೆ, "ಸರ್, ತಿರುಗಿಸಿ ನೋಡಿ, ಎಷ್ಟು ಸ್ಮೂತ್ ಆಗಿದೆ!" ಹಿಡಿಕೆ ಸ್ಮೂತ್ ಇದ್ದರೆ ಬೇರಿಂಗ್, ಗೇರ್ ಚೆನ್ನಾಗಿವೆ ಅಂತ ಅರ್ಥ. ಡ್ರ್ಯಾಗ್ ಬಗ್ಗೆ ಅದು ಒಂದಕ್ಷರ ಹೇಳುವುದಿಲ್ಲ. ಬಿಲ್ಲಿನಲ್ಲಿ "ಡ್ರ್ಯಾಗ್: ಇಷ್ಟು ಕಿಲೋ" ಅಂತ ಬರೆದುಕೊಡದವರು ಮಾಡಿದ್ದು ತೊಳೆಯುವ ಕೆಲಸ, ಸರ್ವಿಸ್ ಅಲ್ಲ. ದುಡ್ಡು ಕೊಡುವ ಮುಂಚೆ ಆ ಸಾಲು ಕೇಳಿ.

ಬಿಲ್ಲೆಗೆ ಏನು ಹಚ್ಚಬೇಕು ಅನ್ನುವುದು ರೀಲಿನಿಂದ ರೀಲಿಗೆ ಬೇರೆ. ಕೆಲವಕ್ಕೆ ಡ್ರ್ಯಾಗಿಗೆಂದೇ ಬರುವ ಗ್ರೀಸನ್ನು ತೆಳ್ಳಗೆ ಸವರಬೇಕು, ಕೆಲವನ್ನು ಒಣಗಿಯೇ ಬಿಡಬೇಕು. ತಯಾರಕರು ಏನು ಹೇಳಿದ್ದಾರೋ ಅದು. ಚೈನಿಗೆ ಹೊಡೆಯುವ ಸ್ಪ್ರೇ, ಹೊಲಿಗೆ ಯಂತ್ರದ ಎಣ್ಣೆ ಯಾವುದಕ್ಕೂ ಬೇಡ. ಇದೇನು ಮಡಿವಂತಿಕೆ ಅನ್ನಬೇಡಿ. 5 ಕಿಲೋ ಡ್ರ್ಯಾಗಿನಲ್ಲಿ ಮೀನು 100 ಮೀಟರ್ ಓಡಿದರೆ ಸುಮಾರು 5,000 ಜೂಲ್ ಶಕ್ತಿ ಆ ಬಿಲ್ಲೆಗಳ ನಡುವೆ ಬಿಸಿಯಾಗಿ ಸುರಿಯುತ್ತದೆ. ಒಂದು ದೊಡ್ಡ ಚಮಚ ನೀರು ಕುದಿಸಲು ಸಾಕಾಗುವಷ್ಟು, ಅರ್ಧ ನಿಮಿಷದಲ್ಲಿ, ಬೆರಳಗಲದ ಜಾಗದಲ್ಲಿ. ತಪ್ಪು ಗ್ರೀಸ್ ಅಲ್ಲಿ ಕರಗಿ ಹರಿಯುತ್ತದೆ, ಮೊದಲ ಓಟಕ್ಕೆ ಒಂದು ಡ್ರ್ಯಾಗ್, ಎರಡನೆಯದಕ್ಕೆ ಇನ್ನೊಂದು.

ಅಳೆಯುವುದು ಹೇಗೆ ಅಂತ ಕೇಳುವವರಿಗೆ: ಗುಜರಿಯವನು ಪೇಪರ್ ತೂಗುವ ಕೊಕ್ಕೆ ತಕ್ಕಡಿ ಸಾಕು. ವಿಮಾನಕ್ಕೆ ಬ್ಯಾಗ್ ತೂಗುವ ಡಿಜಿಟಲ್ ತಕ್ಕಡಿ ನಾಲ್ಕೈದು ನೂರಕ್ಕೆ ಸಿಗುತ್ತದೆ, ಬಹಳ ಮನೆಗಳಲ್ಲಿ ಆಗಲೇ ಇದೆ. ರಾಡಿಗೆ ರೀಲ್ ಕೂರಿಸಿ, ದಾರವನ್ನು ಎಲ್ಲಾ ಬಳೆಗಳ ಮೂಲಕ ತಂದು ತಕ್ಕಡಿಗೆ ಕಟ್ಟಿ. ಒಬ್ಬರು ರಾಡನ್ನು ಮೀನು ಹಿಡಿದ ಹಾಗೆ ಎತ್ತಿ ಹಿಡಿಯಲಿ, ಇನ್ನೊಬ್ಬರು ತಕ್ಕಡಿ ಹಿಡಿದು ನಿಧಾನ ಹಿಂದಕ್ಕೆ ನಡೆಯಲಿ. ದಾರ ಜಾರುತ್ತಿರುವಾಗ ಮುಳ್ಳು ಎಲ್ಲಿ ನಿಲ್ಲುತ್ತದೋ ಅದು ನಿಮ್ಮ ಡ್ರ್ಯಾಗ್. ಜಾರುವ ಮುಂಚೆ ಎಲ್ಲಿಗೆ ಹಾರಿತು ಅನ್ನುವುದನ್ನೂ ನೋಡಿ. ಎರಡರ ನಡುವೆ ಬಹಳ ಅಂತರ ಇದ್ದರೆ ಬಿಲ್ಲೆ ಕೆಟ್ಟಿದೆ. ಲಿವರ್ ಡ್ರ್ಯಾಗ್ ಆದರೆ ಲಿವರನ್ನು "ಸ್ಟ್ರೈಕ್" ಗುರುತಿಗೆ ಇಟ್ಟು ಅಳೆಯಬೇಕು. ಹೆಚ್ಚುಕಡಿಮೆ ಮಾಡಬೇಕಾದರೆ ಲಿವರನ್ನು ಪೂರ್ತಿ ಹಿಂದಕ್ಕೆ ತಂದು "ಫ್ರೀ"ಯಲ್ಲಿ ಇಟ್ಟು, ಆಮೇಲೆ ಪ್ರಿಸೆಟ್ ತಿರುಪು ತಿರುಗಿಸಿ, ಮತ್ತೆ ಸ್ಟ್ರೈಕಿಗೆ ತಂದು ತೂಗಿ. ಒತ್ತಡದಲ್ಲಿರುವಾಗಲೇ ಆ ತಿರುಪು ತಿರುವಿದರೆ ಒಳಗಿನ ಎಳೆ ಸವೆಯುತ್ತದೆ. ಇಬ್ಬರು ಬೇಕು, ಹದಿನೈದು ನಿಮಿಷ ಬೇಕು. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಮಾಡಿದರೆ ವಾಚ್‌ಮನ್ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ ಬಿಡಿ.

"ಹವ್ಯಾಸಕ್ಕ ಇಷ್ಟೆಲ್ಲಾ ಯಾಕೋ ಮಾರಾಯಾ?"

ಯಾಕಂದ್ರ ಹರಿದ ದಾರದ ಇನ್ನೊಂದು ತುದಿಯಲ್ಲಿ ಜೀವ ಇರತೈತಿ. ನಿಮ್ಮ ಪಾಲಿಗೆ ಆವತ್ತು ಹೋದದ್ದು ಒಂದು ಲೂರ್, ಎಂಬತ್ತು ಮೀಟರ್ ಬ್ರೇಡ್, ಸಂಜೆ ಹೇಳಿಕೊಳ್ಳಲು ಒಂದು ಕಥೆ. ಮೀನಿನ ಪಾಲಿಗೆ ಬಾಯಲ್ಲಿ ಮೂರು ಮುಳ್ಳಿನ ಗಾಳ, ಬೆನ್ನ ಹಿಂದೆ ಎಂಬತ್ತು ಮೀಟರ್ ಪಾಲಿಎಥಿಲೀನ್. ಅದು ಕೊಳೆಯುವುದಿಲ್ಲ. ನೇತ್ರಾಣಿಯಂಥ ಜಾಗದಲ್ಲಿ ಬಂಡೆಗೋ ಹವಳಕ್ಕೋ ಸಿಕ್ಕಿಕೊಂಡರೆ ಮೀನು ಅಲ್ಲೇ ಕಟ್ಟಿಹಾಕಿದಂತೆ ಸಾಯುತ್ತದೆ, ದಾರ ಮುಂದಿನ ಮೀನಿಗೆ ಕಾಯುತ್ತದೆ.

ಹಾಗಂತ ಸಡಿಲ ಬಿಟ್ಟು ಒಂದು ತಾಸು ಆಡಿಸುವ ರಸಿಕರ ಪರವೂ ನಾನಲ್ಲ. ಕಾವೇರಿಯ ಭೀಮೇಶ್ವರಿ ಕಡೆ ದಶಕಗಳ ಕಾಲ ಮಹಶೀರ್ ಹಿಡಿದು ಬಿಡುವ ಪದ್ಧತಿ ಇತ್ತು. ಬಿಟ್ಟ ಮೀನು ಬದುಕಬೇಕಾದರೆ ಅದರ ಉಸಿರು ಪೂರ್ತಿ ಮುಗಿಯುವ ಮುಂಚೆ ದಡಕ್ಕೆ ಬರಬೇಕು. ಬಹಳ ಹೊತ್ತು ಹೋರಾಡಿಸಿದ ಮೀನು ಈಜಿಕೊಂಡು ಹೋದಂತೆ ಕಂಡರೂ ಆಮೇಲೆ ಸಾಯಬಹುದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ 54 ಕಿಲೋದ ಮಹಶೀರ್ ಹಿಡಿದಿದ್ದರು. ಆ ಡುಬ್ಬದ ಮಹಶೀರಿಗೆ ವಿಜ್ಞಾನಿಗಳು ಟಾರ್ ರೆಮಾದೇವಿ ಅನ್ನುವ ಸರಿಯಾದ ಹೆಸರು ಗುರುತಿಸಿದ್ದು 2018ರಲ್ಲಿ. ಅಷ್ಟರಲ್ಲಿ ಮೀನು ಅಳಿವಿನ ಅಂಚಿಗೆ ಬಂದು ನಿಂತಿತ್ತು. ಅದಕ್ಕೆ ಅಣೆಕಟ್ಟು, ಡೈನಮೈಟು, ಹೊರಗಿನಿಂದ ತಂದು ಬಿಟ್ಟ ಬೇರೆ ಮಹಶೀರ್ ಎಲ್ಲವೂ ಕಾರಣ. ಡ್ರ್ಯಾಗಿನ ಮೇಲೆ ಹೊರಿಸುವಷ್ಟು ಹುಚ್ಚ ನಾನಲ್ಲ. ಆದರೆ ಹಿಡಿದು ಬಿಡುತ್ತೇವೆ, ನಾವು ಪ್ರಕೃತಿಪ್ರಿಯರು ಅಂತ ಇನ್‌ಸ್ಟಾಗ್ರಾಮಿನಲ್ಲಿ ಬರೆದುಕೊಳ್ಳುವವರ ಡ್ರ್ಯಾಗ್ ಎಷ್ಟು ಕಿಲೋ ಅಂತ ಕೇಳುವ ಹಕ್ಕು ನನಗಿದೆ. ಕಾಲು ಭಾಗಕ್ಕಿಂತ ಕಡಿಮೆಯೂ ಬೇಡ, ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯೂ ಬೇಡ ಅನ್ನುವ ರೂಢಿ ದಾರ ಉಳಿಸುವುದಕ್ಕೆ ಮಾತ್ರ ಇರುವುದಲ್ಲ.

ಇನ್ನೊಂದು, ಇದಕ್ಕಂತೂ ತಕ್ಕಡಿಯೂ ಬೇಡ. ಸಮುದ್ರದಿಂದ ಬಂದ ದಿನ ಡ್ರ್ಯಾಗ್ ಬಿಗಿದು ಸಿಹಿನೀರು ಮೆಲ್ಲಗೆ ಚಿಮುಕಿಸಿ ತೊಳೆಯಿರಿ, ಬಿಲ್ಲೆಗಳ ನಡುವೆ ನೀರು ಹೋಗಬಾರದು ಅಂತ. ಕಾರು ತೊಳೆಯುವ ಪ್ರೆಶರ್ ಪೈಪ್ ಹಿಡಿಯಬೇಡಿ, ಉಪ್ಪನ್ನು ನೀವೇ ಒಳಗೆ ತಳ್ಳಿದಂತೆ. ಒರೆಸಿ ಒಣಗಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ ಕಪಾಟಿನಲ್ಲಿ ಇಡಿ. ತಿಂಗಳುಗಟ್ಟಲೆ ಒತ್ತಿ ಹಿಡಿದ ಬಿಲ್ಲೆ ಚಪ್ಪಟೆಯಾಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ, ಮುಂದಿನ ಸೀಸನ್ನಿನ ಮೊದಲ ಮೀನಿಗೆ ಅದೇ ಯಮ. ಸಡಿಲಿಸಿದ್ದನ್ನು ಮತ್ತೆ ಬಿಗಿಯುವಾಗ ಹ್ಯಾಂಗೂ ತೂಗಲೇಬೇಕು. ಅದನ್ನು ಅಲೆಯ ಮೇಲೆ ತೂಗಾಡುತ್ತಾ ಮಾಡಬೇಡಿ, ಆಗಸ್ಟಿನಲ್ಲಿ ಘಟ್ಟ ಇಳಿಯುವ ಹಿಂದಿನ ರಾತ್ರಿ ಮನೆಯಲ್ಲೇ ಮಾಡಿ, ಬಂದ ಅಂಕಿಯನ್ನು ಒಂದು ಟೇಪಿನ ಮೇಲೆ ಬರೆದು ರೀಲಿನ ಕಾಲಿಗೆ ಅಂಟಿಸಿ. ದೋಣಿಯಲ್ಲಿ ಪಕ್ಕದವನು "ಟೈಟ್ ಮಾಡಲೇ" ಅಂದಾಗ ಅವನಿಗೆ ತೋರಿಸಲು ಏನಾದರೂ ಬೇಕಲ್ಲ.